ನಿದ್ದೆ ಮಾಡದವನ ಮೇಲೆ ಹೊರಿಸಿದ ನಿದ್ದೆ

ನೈಸರ್ಗಿಕ ಅನಿಲ ಲಾರಿ ಪ್ರಯೋಗದ ಮುಖ್ಯಾಧಿಕಾರಿಗಳಿಗೆ, ವಿಶಾಖಪಟ್ಟಣ

ಮಾನ್ಯರೇ,

ವೆಂಕಟರಮಣ ನಿದ್ದೆ ಮಾಡಲಿಲ್ಲ. ಇದಿಷ್ಟನ್ನು ಈಗಲೇ ಓದಿಕೊಳ್ಳಿ, ಉಳಿದದ್ದನ್ನು ಬಿಡುವಾದಾಗ ಓದಿದರಾಯಿತು. ಕಳೆದ ಡಿಸೆಂಬರಿನಲ್ಲಿ ಗನ್ನವರಂ ಆಚೆ ಕಾಲುವೆಗೆ ಬಿದ್ದ ನಿಮ್ಮ ಗ್ಯಾಸ್ ಲಾರಿಯ ಡ್ರೈವರ್ ಅವನು, ನನ್ನ ಹೆಂಡತಿ ಗಂಗಾಭವಾನಿಯ ಒಬ್ಬನೇ ತಮ್ಮ. ಅವನ ಮೂವತ್ತೊಂದು ವರ್ಷದ ಬದುಕನ್ನು ನಿಮ್ಮ ವರದಿ ಒಂದು ಸಾಲಿನಲ್ಲಿ ಮುಗಿಸಿದೆ: 'ಚಾಲಕನು ತೂಕಡಿಸಿದ್ದರಿಂದ ವಾಹನವು ನಿಯಂತ್ರಣ ತಪ್ಪಿದ್ದು, ಯಾವುದೇ ಯಂತ್ರದೋಷ ಕಂಡುಬಂದಿರುವುದಿಲ್ಲ.' ಎಷ್ಟು ಚೊಕ್ಕಟವಾದ ವಾಕ್ಯ! ಸತ್ತವನು ಎದ್ದು ಬಂದು ತಕರಾರು ಮಾಡುವುದಿಲ್ಲವಲ್ಲ.

ನಿಮಗೆ ತೆಲುಗಿನಲ್ಲಿ ಎರಡು ಅರ್ಜಿ ಬರೆದೆ, ಇಂಗ್ಲಿಷಿನಲ್ಲಿ ಬರೆಸಿ ಒಂದು ಕಳಿಸಿದೆ. ಯಾವುದಕ್ಕೂ ಉತ್ತರವಿಲ್ಲ. ನೀವೂ ನಮ್ಮ ಕಡೆಯವರೇ, ಕನ್ನಡ ಸಂಘದ ಈ ಪತ್ರಿಕೆ ನಿಮ್ಮ ಮನೆಗೆ ತಪ್ಪದೆ ಬರುತ್ತದೆ ಎಂದು ತಿಳಿದು ಇಲ್ಲಿ ಬರೆಯುತ್ತಿದ್ದೇನೆ. ನಾನು ಹಿರಿಯೂರಿನವನು. ವಿಜಯವಾಡದ ಆಟೋನಗರದಲ್ಲಿ ಹದಿನೆಂಟು ವರ್ಷದಿಂದ ಲಾರಿ ಮೆಕ್ಯಾನಿಕ್. ನಿಮ್ಮ ಆರು ಪ್ರಯೋಗದ ಲಾರಿಗಳ ರಿಪೇರಿ ನನ್ನ ಶೆಡ್ಡಿಗೇ ಬರುತ್ತಿತ್ತು. ಡೀಸೆಲ್ ಇಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತೇನೆ. ಗ್ಯಾಸಿನ ಇಂಜಿನ್ ಬಗ್ಗೆ ನನಗೆ ಹೇಳಿಕೊಟ್ಟವರು ಯಾರು? ಒಂದು ಮಧ್ಯಾಹ್ನ ನಿಮ್ಮ ಇಂಜಿನಿಯರ್ ಬಂದು, 'ಎಲ್ಲಾ ಅದೇ ಇಂಜಿನ್ನೇ ಕಣ್ರೀ, ಇಂಧನ ಮಾತ್ರ ಬೇರೆ' ಎಂದು ಹೇಳಿ, ಎಳನೀರು ಕುಡಿದು ಹೋದರು. ಅಷ್ಟೇ ನನ್ನ ತರಬೇತಿ.

ಇನ್ನು ನನ್ನ ಪಾಪ ಕೇಳಿ. ಮೇ ತಿಂಗಳಲ್ಲಿ ವೆಂಕಟರಮಣನ ಲಾರಿಯ ನೀರು ಕೊತಕೊತ ಕುದಿಯುತ್ತಿತ್ತು. ವಿಜಯವಾಡದ ಬಿಸಿಲಿಗೆ ಆಟೋನಗರದ ಮದ್ದು ಒಂದೇ: ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ಕವಾಟ ಅದು. ಇಲ್ಲಿನ ಯಾವ ಶೆಡ್ಡಿನ ಮೂಲೆಯಲ್ಲಿ ನೋಡಿದರೂ ಒಂದು ಬುಟ್ಟಿಯಷ್ಟು ಸಿಗುತ್ತವೆ. ನಾನೂ ಕಿತ್ತೆ. ಕುದಿಯುವುದು ನಿಂತಿತು. 'ಮೀರು ಡಾಕ್ಟರು ಬಾವಗಾರೂ, ನೀವು ಡಾಕ್ಟರೇ ಭಾವ' ಎಂದು ಅವನು ಬೆನ್ನು ತಟ್ಟಿದ.

ನವೆಂಬರಿನಲ್ಲಿ ದೂರು ಶುರುವಾಯಿತು. ಬೆಳಗಿನ ಜಾವ ಲೋಡು ಹೊತ್ತು ಹೊರಟರೆ ಲಾರಿ ಎಳೆಯುವುದಿಲ್ಲ, ಏರು ಬಂದರೆ ಉಸಿರು ಕಟ್ಟಿ ನಿಂತೇಬಿಡುತ್ತದೆ. ಪ್ಲಗ್ ಬದಲಿಸಿದೆ, ವೈರು ಬದಲಿಸಿದೆ, ಗ್ಯಾಸ್ ಫಿಲ್ಟರ್ ತೊಳೆದೆ. ಹತ್ತು ಗಂಟೆಯ ಬಿಸಿಲಲ್ಲಿ ಅವನು ಶೆಡ್ಡಿಗೆ ತಂದರೆ ಇಂಜಿನ್ನಿಗೆ ಏನೂ ಆಗಿರುತ್ತಿರಲಿಲ್ಲ! 'ಬಾವಗಾರೂ, ಆ ದುಂಡನೆ ಡಬ್ಬಿ ಬೆಳಿಗ್ಗೆ ಉಪ್ಪು ಮೆತ್ತಿದ ಹಾಗೆ ಬೆಳ್ಳಗಾಗಿರುತ್ತೆ, ಒಂದ್ಸಲ ನೋಡಿ' ಎಂದ. 'ಮಂಜು ಬಿದ್ದಿರುತ್ತೆ ಕಣೋ, ಮೊದಲು ನಿನ್ನ ನಿದ್ದೆಗಣ್ಣು ತೊಳ್ಕೊ' ಎಂದು ರೇಗಿಸಿದೆ. ಅಯ್ಯೋ, ಆ ಮಾತು ನನ್ನ ನಾಲಿಗೆಯ ಮೇಲೆ ಯಾಕಾದರೂ ಬಂತೋ.

ಅವನು ತೀರಿಹೋದ ಮೇಲೆ ವಿಶಾಖಪಟ್ಟಣಕ್ಕೆ ಬಂದೆ. ನಿಮ್ಮ ಗುಮಾಸ್ತರು, ಒಳ್ಳೆಯವರು, ಬೀರುವಿನ ಬೀಗ ತೆಗೆದು ಗ್ಯಾಸ್ ಇಂಜಿನ್ ರಿಪೇರಿಯ ನಲವತ್ತು ಪುಟದ ಪುಸ್ತಕ ಕೊಟ್ಟರು. ಜುಲೈಯಿಂದ ಮೂರು ಸಲ ನಾನು ಕಾಗದ ಬರೆದು ಕೇಳಿದ್ದ ಪುಸ್ತಕ. 'ಕಚೇರಿ ವೇಳೆಯಲ್ಲಿ ಬಂದು ಪರಿಶೀಲಿಸಬಹುದು' ಎಂದು ನೀವು ಅಪ್ಪಣೆ ಕೊಡಿಸಿದ್ದ ಅದೇ ಪುಸ್ತಕ. ಅದರ ಹನ್ನೊಂದನೇ ಪುಟದಲ್ಲಿತ್ತು. ಸಿಲಿಂಡರಿನ ಗ್ಯಾಸು ಒತ್ತಡ ಇಳಿಯುವಾಗ ವಿಪರೀತ ತಣ್ಣಗಾಗುತ್ತದೆ, ರೆಗ್ಯುಲೇಟರ್, ಅಂದರೆ ಅವನು ಹೇಳಿದ ಆ ದುಂಡನೆ ಡಬ್ಬಿ, ಹೆಪ್ಪುಗಟ್ಟದಂತೆ ಇಂಜಿನ್ನಿನ ಬಿಸಿನೀರೇ ಅದನ್ನು ಬೆಚ್ಚಗಿಡಬೇಕು, ಆದ್ದರಿಂದ ಥರ್ಮೋಸ್ಟಾಟನ್ನು ಯಾವ ಕಾರಣಕ್ಕೂ ತೆಗೆಯಕೂಡದು. ನಾನು ಅದನ್ನು ಕಿತ್ತದ್ದರಿಂದ ಚಳಿಯ ಬೆಳಗಿನ ಜಾವ ನೀರು ಬಿಸಿಯೇರದೆ, ಡಬ್ಬಿ ಹೆಪ್ಪುಗಟ್ಟಿ ಗ್ಯಾಸು ಕಟ್ಟುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರೆ. ನೀವು ಬಾಗಿಲನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಿರಿ.

ನಿಮ್ಮ ವಿಚಾರಣೆಗೆ ಬಂದವರು ಕಾಲುವೆಯ ಹತ್ತಿರ ಹೋಗಿದ್ದರೇ? ಸೇತುವೆಯ ಏರಿನಲ್ಲಿ ಚಕ್ರದ ಗುರುತು ಹಿಂದಕ್ಕೆ ಜಾರಿ ಬಂದಿತ್ತು. ಲಾರಿ ಹಿಂಭಾಗ ಮೊದಲಾಗಿ ನೀರಿಗೆ ಬಿದ್ದಿತ್ತು. ನಿದ್ದೆ ಹತ್ತಿದವನ ಲಾರಿ ಮುಂದಕ್ಕೆ ಹೋಗುತ್ತದೆ ಸ್ವಾಮಿ, ಎಲ್ಲಾದರೂ ಹಿಂದಕ್ಕೆ ಹೋಗುತ್ತದೆಯೇ? ಇಂಜಿನ್ ಸತ್ತಿದೆ, ಬ್ರೇಕಿನ ಬಲ ಹೋಗಿದೆ, ಲೋಡಿನ ಭಾರಕ್ಕೆ ಹ್ಯಾಂಡ್‌ಬ್ರೇಕ್ ಒಂದೇ ಸಾಲದು. ಆದರೂ ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು, ಎಳೆದ ಕೈ ಅದರ ಮೇಲೇ ಇತ್ತು. ಕ್ರೇನಿನವರ ಜೊತೆ ನಿಂತು ಅವನನ್ನು ಹೊರಗೆ ತೆಗೆದವನು ನಾನು. ಇದನ್ನು ಹೇಳಲು ಬಂದಾಗ 'ಸಂಬಂಧಿಕರ ಹೇಳಿಕೆ ದಾಖಲಿಸುವುದಿಲ್ಲ' ಎಂದರು.

ನಿಮ್ಮ ಆ ಒಂದು ಸಾಲು ನಮ್ಮ ಮನೆಯಲ್ಲಿ ಏನು ಮಾಡಿತು ಗೊತ್ತೇ? ನಮ್ಮ ಜೊತೆಗೇ ಇರುವ ನನ್ನ ಅತ್ತೆ ಸೀತಾಮಹಾಲಕ್ಷ್ಮಿ ಆವತ್ತು ಬೆಳಗಿನ ಐದು ಗಂಟೆಗೆ ಮಗನಿಗೆ ತಂಗಳನ್ನಕ್ಕೆ ಮೊಸರು ಕಲಸಿ ಕೊಟ್ಟಿದ್ದರು. ಅವನು ಸಾಕು ಎಂದರೂ ಬಿಡದೆ ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ತಿನ್ನಿಸಿದ್ದರು. ತೂಕಡಿಸಿದ ಎಂದು ನೀವು ಬರೆದಿರಿ, ಹೊಟ್ಟೆ ತುಂಬಾ ಮೊಸರನ್ನ ಇಟ್ಟು ಮಗನನ್ನು ಕೊಂದವಳು ನಾನೇ ಎಂದು ಅವರು ಕೂತರು. ವಾರಗಟ್ಟಲೆ ಆ ಮುದುಕಿ ತನ್ನ ಕೈಯನ್ನೇ ನೋಡಿಕೊಂಡು ಅಳುವುದನ್ನು ನಾನು ಎದುರಿಗೆ ಕೂತು ನೋಡಿದೆ. ಸತ್ಯ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಿಮ್ಮನ್ನು ಬೈಯಲು ನನಗೆ ಎಷ್ಟು ಹಕ್ಕಿದೆ ನೀವೇ ಹೇಳಿ.

ಹೋದ ಭಾನುವಾರ ಹೇಳಿಬಿಟ್ಟೆ. ಥರ್ಮೋಸ್ಟಾಟ್ ಕಿತ್ತದ್ದು, ಅವನು ಹೇಳಿದರೂ ನೋಡದೆ ಹೋದದ್ದು, ಎಲ್ಲಾ. ನನ್ನ ಹೆಂಡತಿ ಗೋಡೆಗೆ ಮುಖ ತಿರುಗಿಸಿದಳು. ಅತ್ತೆ ಕೇಳಿದ್ದು ಒಂದೇ: 'ಹಾಗಾದರೆ ನನ್ನ ಮಗ ಎಚ್ಚರವಾಗಿದ್ದನಾ?' ಕೊನೆಯ ಗಳಿಗೆವರೆಗೂ ಎಚ್ಚರವಾಗಿದ್ದ ಎಂದೆ. ಆಮೇಲೆ ಅವರು ಅಳಿಯನಾದ ನನಗೆ ಹೇಳಿದರು: 'ಆ ಕಾಗದದಲ್ಲಿ ಅವನ ಹೆಸರು ಹೊಡೆಸಿ ನಿಮ್ಮ ಹೆಸರು ಬರೆಸಿಕೊಂಡು ಬನ್ನಿ, ಅಲ್ಲುಡುಗಾರೂ. ಆಮೇಲೆ ಮನೆಗೆ ಬನ್ನಿ.'

ಆವತ್ತಿನಿಂದ ನಾನು ಶೆಡ್ಡಿನಲ್ಲೇ ಇದ್ದೇನೆ. ನನಗೆ ಕ್ಷಮೆ ಬೇಡ, ನಿಮ್ಮ ಸಂತಾಪವೂ ಬೇಡ. ಆ ಸಾಲನ್ನು ಹೊಡೆದುಹಾಕಿ. ದೋಷ ಇಂಜಿನ್ನಿನಲ್ಲಿತ್ತು, ಅದನ್ನು ಮಾಡಿದವನು ಮೆಕ್ಯಾನಿಕ್ ಅಶ್ವತ್ಥ ಎಂದು ಬರೆಯಿರಿ. ಕೆಳಗೆ ಜಾಗ ಉಳಿದರೆ, ಪುಸ್ತಕ ಬಚ್ಚಿಟ್ಟವರ ಹೆಸರನ್ನೂ ಸೇರಿಸಿ. ಮೊಹರು ಹಾಕಿದ ಒಂದು ಪ್ರತಿಯನ್ನು ನನ್ನ ಕೈಗೆ ಕೊಡಿ. ನಾನು ಮನೆಗೆ ಹೋಗಬೇಕು.

ಇಂತಿ,
ನಿಮ್ಮ ವರದಿಯಲ್ಲಿ ತನ್ನ ಹೆಸರು ಬರಲಿ ಎಂದು ಕಾದಿರುವ,
ಅಶ್ವತ್ಥ
ಆಟೋನಗರ, ವಿಜಯವಾಡ
ಫೆಬ್ರವರಿ 1998