ಒಂದೇ ಖಾನೆ, ಎರಡು ಅಡ್ಡಹೆಸರು

೧೪ ಜೂನ್ ೧೮೫೮, ಸೋಮವಾರ

ಬೆಳಗಿನಿಂದ ನಲವತ್ತೊಂದು ಪಾಸು ಬರೆದೆ. ಬೆರಳು ಜೋಮು ಹಿಡಿದಿವೆ. ನರಗುಂದದ ಗಲಾಟೆ ಅಡಗಿ ಎರಡು ವಾರ. ಈಗ ಪಾಸಿಲ್ಲದೆ ಯಾರೂ ಹೊಳೆಆಲೂರಿನಲ್ಲಿ ಹರಗೋಲು ಹತ್ತುವಂತಿಲ್ಲ. ಹೆಸರು, ತಂದೆ, ಅಡ್ಡಹೆಸರು, ಊರು, ಕಾರಣ. ಅಡ್ಡಹೆಸರಿಗೆ ಒಂದೇ ಖಾನೆ. ಎರಡು ಹೇಳುವವರಿದ್ದರೆ ಕೊನೆಯದನ್ನು ಬರೆಯಬೇಕು. ಕಚೇರಿಯ ರೂಢಿ. ಹಾಕಿಕೊಟ್ಟವನು ಯಾರೆಂದು ಗೊತ್ತು.

ಸಂಜೆ

ನಡೆದದ್ದನ್ನು ಮತ್ತೊಮ್ಮೆ ಬರೆದಿಡುತ್ತೇನೆ, ಸಿಟ್ಟಿನಲ್ಲಿ ಹೆಚ್ಚುಕಡಿಮೆ ಆಗಬಾರದು. ಅವ್ವ ಶಿರೋಳದ ಹಿರೇಬಾವಿ ಮನೆತನದ ಒಬ್ಬಳೇ ಮಗಳು. ಅಪ್ಪ ಅಸೂಟಿಯ ಉಳ್ಳಾಗಡ್ಡಿ ಮನೆತನದಿಂದ ಮನೆ ಅಳಿಯನಾಗಿ ಬಂದವನು. ಹೀಗಾಗಿ ನಾನು ತೋಟಪ್ಪ ಹಿರೇಬಾವಿ ಉಳ್ಳಾಗಡ್ಡಿ. ಹೊಲದ ಮನೆತನ ಮೊದಲು, ಅಪ್ಪನದು ಆಮೇಲೆ.

ಐವತ್ಮೂರರಲ್ಲಿ ಇನಾಮು ಹೊಲಗಳ ವಾರಸುದಾರರು ಯಾರೆಂಬ ತಪಾಸಣೆ ಬಂತು. ರಿಜಿಸ್ಟರ್ ಬರೆದವನು ಗವಿಸಿದ್ದಪ್ಪ, ಆಗಿನ ಹಿರಿಯ ಕಾರಕೂನ. ನನ್ನ ಹೆಸರಿನಲ್ಲಿ ಹಿರೇಬಾವಿ ಬಿಟ್ಟುಬಿಟ್ಟ. ಕೈಮುಗಿದು ಕೇಳಿದೆ.

“ಖಾನೆ ಒಂದ ಐತಿ ತಮ್ಮಾ. ಉಳ್ಳಾಗಡ್ಡಿ ಏನ ಕಡಿಮಿ? ರೊಟ್ಟಿ ಜೋಡಿ ಚಲೋ ಆಕೈತಿ,” ಅಂದ.

ಕಚೇರಿಯೆಲ್ಲ ನಕ್ಕಿತು. ಹಿರೇಬಾವಿಯವರ ಹೊಲಕ್ಕೆ ‘ವಾರಸುದಾರರಿಲ್ಲ’ ಎಂದು ಷರಾ ಬಿತ್ತು. ಮರುವರ್ಷ ಆ ಹೊಲ ಅವನ ಭಾವಮೈದುನನ ಕೈಯಲ್ಲಿ. ನಾನು ಕಚೇರಿ ಸೇರಿದ್ದು ಅದಕ್ಕಾಗಿ. ಬೇರೆ ಕಾರಣವಿಲ್ಲ.

೧೬ ಜೂನ್, ಬುಧವಾರ

ಬಂದ. ಗವಿಸಿದ್ದಪ್ಪನೇ! ಕೆಲಸ ಬಿಟ್ಟು ಎರಡು ವರ್ಷವಾದರೂ ರುಮಾಲು ಮೊದಲಿನಂತೆಯೇ ಬಿಗಿ. ಮಗಳ ಬಾಣಂತನ, ಬಾದಾಮಿಗೆ ಹೋಗಬೇಕಂತೆ.

“ಏನಪಾ ಉಳ್ಳಾಗಡ್ಡಿ, ಲಗೂ ಬರಿ. ಹೊಳಿ ಏರೂದ್ರಾಗ ದಾಟಬೇಕು.”

“ಅಡ್ಡಹೆಸರು ಹೇಳ್ರಿ.”

“ನಿನಗ ಗೊತ್ತಿಲ್ಲೇನ? ಮುಶಿಗೇರಿ.”

“ಪೂರಾ ಹೇಳ್ರಿ. ಸಾಹೇಬರ ಹುಕುಮ್ ಐತಿ.”

“ಮುಶಿಗೇರಿ ಕಣವಿ. ಸಾಕೇನ?”

ಸಾಕು. ಹುಟ್ಟಿದ್ದು ನರಗುಂದದ ಕಣವಿ ಮನೆತನದಲ್ಲಿ. ಮೂರು ವರ್ಷದವನಿದ್ದಾಗ ಗಜೇಂದ್ರಗಡದ ಮುಶಿಗೇರಿಯವರು ದತ್ತಕ ತೆಗೆದುಕೊಂಡರು. ಇದು ಊರಿಗೇ ಗೊತ್ತು. ನನ್ನ ಬಲಗಡೆ, ಗಲಾಟೆಗಾಗಿ ಸರಕಾರ ಹುಡುಕುತ್ತಿರುವವರ ಯಾದಿ. ಏಳನೆಯ ಸಾಲು: ನರಗುಂದದ ಕಣವಿ ಮನೆತನದ ಗಂಡಸರು, ಎಲ್ಲರೂ.

ಖಾನೆ ಒಂದೇ. ಕೊನೆಯದನ್ನು ಬರೆದೆ. ‘ಕಣವಿ’. ಒಂದಕ್ಷರ ಸುಳ್ಳಿಲ್ಲ. ಅವನು ಓದುವ ಚಾಳೀಸು ಮನೆಯಲ್ಲಿ ಬಿಟ್ಟು ಬಂದಿದ್ದ. ಪಾಸು ಓದದೆ ಮಡಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡ.

೧೭ ಜೂನ್

ಸುದ್ದಿ ಇಲ್ಲ. ಎರಡು ರೊಟ್ಟಿ ಹೆಚ್ಚು ಉಂಡೆ.

೧೯ ಜೂನ್, ಶನಿವಾರ

ಟಪಾಲು ತರುವ ಸುಭಾನಸಾಬ ಚೀಲ ಇಳಿಸುವ ಮೊದಲೇ ಶುರು ಮಾಡಿದ.

“ಕೇಳಿದ್ರೇನ್ರಿ ತೋಟಪ್ಪಾರ? ಗವಿಸಿದ್ದಪ್ಪಾರು ಹರಗೋಲಿನ್ಯಾಗ ಒಂದ ಕಾಲ ಇಟ್ಟಿದ್ರು. ಇನ್ನೊಂದ ಕಾಲ ಠಾಣ್ಯಾಗ ಇಟ್ರ ನೋಡ್ರಿ! ನಾ ಮುಶಿಗೇರಿ, ನಾ ಮುಶಿಗೇರಿ ಅಂತ ಒಂದ ಸವನ ಒದರ್ತಾರ.”

“ಜಮಾದಾರ ಏನಂದ?”

“ಕಾಗದಾ ಮಾತಾಡತೈತಿ, ನೀ ಸುಮ್ನಿರು ಅಂದ.”

ಮೂರು ಸಲ ಹೇಳಿಸಿದೆ. ಮೂರನೆಯ ಸಲ ಎಲೆ-ಅಡಿಕೆ ಕೊಟ್ಟೆ.

೨೩ ಜೂನ್, ಬುಧವಾರ

ಅವನ ಹೆಂಡತಿ ರೇಣುಕವ್ವ ಮನೆಗೆ ಬಂದಳು. ಅವ್ವ ನೀರು ಕೊಟ್ಟಳು. ಕುಡಿಯಲಿಲ್ಲ.

“ಧಾರವಾಡದ ಜೇಲಿಗೆ ಒಯ್ತಾರಂತೋ ಯಪ್ಪಾ. ಎರಡೂ ಹೆಸರು ಅವರವ ಅಂತ ನೀ ಒಂದ ಸಾಲು ಬರದ್ರ ಬಿಡ್ತಾರಂತ.”

“ಮನಷ್ಯಾಗ ಎರಡ ಅಡ್ಡಹೆಸರು ಇರ್ತಾವೇನ್ರಿ, ಅಕ್ಕಾರ?”

ಅವಳು ತಲೆ ತಗ್ಗಿಸಿದಳು.

“ಇರ್ತಾವ ಅಂತ ಅವರ ಕೈಲೆ ಬರಸ್ಕೊಂಡ ಬರ್ರಿ. ನಮ್ಮ ಹಿರೇಬಾವಿ ಯಾಕ ಬಿಟ್ರು, ಅದನ್ನೂ ಬರೀಲಿ.”

ಅವಳು ಹೋದ ಮೇಲೆ ಅವ್ವ ನನ್ನ ಮುಖ ನೋಡಿದಳು. “ಹೊಲಾ ಬರತೈತೇನೋ?” ಅಂದಳು.

೨೯ ಜೂನ್, ಮಂಗಳವಾರ

ರೇಣುಕವ್ವ ಗಂಡನ ಕಾಗದ ತಂದಳು. ಅವನದೇ ಅಕ್ಷರ, ಜೇಲು ಎದುರಿಗಿದ್ದರೂ ಸಾಲು ನೆಟ್ಟಗೆ. ತೋಟಪ್ಪ ಹಿರೇಬಾವಿ ಮನೆತನದ ಖರೇ ವಾರಸುದಾರ — ಬರೆದಿದ್ದಾನೆ. ರಿಜಿಸ್ಟರಿನಲ್ಲಿ ಆ ಹೆಸರು ‘ಕೈತಪ್ಪಿನಿಂದ’ ಬಿಟ್ಟುಹೋಗಿದೆ — ಅದನ್ನೂ ಬರೆದಿದ್ದಾನೆ.

ಕೈತಪ್ಪು! ನಾಲ್ಕು ವರ್ಷ ಅವ್ವ ತನ್ನ ಅಪ್ಪನ ಹೊಲದಲ್ಲೇ ಕೂಲಿಗೆ ಕಳೆ ತೆಗೆದಳು. ಅದು ಕೈತಪ್ಪು. ಕಚೇರಿ ನಕ್ಕಿದ್ದೂ ಕೈತಪ್ಪೇ?

“ಮತ್ತೇನರ ಹೇಳ್ಯಾರೇನ್ರಿ?”

ರೇಣುಕವ್ವ ಹೇಳಬಾರದಿತ್ತು. ಹೇಳಿಬಿಟ್ಟಳು. “ಉಳ್ಳಾಗಡ್ಡಿಗೆ ಇಷ್ಟ ಸಾಕು, ಅಂದ್ರು.”

೨ ಜುಲೈ, ಶುಕ್ರವಾರ

ಸಾಹೇಬರಿಗೆ ಕಾಗದ ತೋರಿಸಿದೆ. ಎರಡು ಸಲ ಓದಿದರು. ಬಂಡಾಯಗಾರನ ಬರಹಕ್ಕೆ ಬೆಲೆಯಿಲ್ಲ ಅಂದರು. ಕೈದಿ ಕಣವಿಯಾದರೆ ಈ ಕಾಗದ ರದ್ದಿ. ಮುಶಿಗೇರಿಯೂ ಹೌದೆಂದಾದರೆ ಅವನು ಬಿಡುಗಡೆ, ನನ್ನ ಹೊಲದ ಅರ್ಜಿ ಮೇಲಕ್ಕೆ ಹೋಗುತ್ತದೆ. ಠಾಣೆಯಿಂದ ಬಂದ ವಿಚಾರಣೆಯ ಹಾಳೆ ನನಗೇ ಕೊಟ್ಟರು. ಪಾಸು ಬರೆದವನೇ ಉತ್ತರ ಬರೆಯಬೇಕು. ನಾಳೆ ಮಧ್ಯಾಹ್ನದ ಟಪಾಲಿಗೆ.

ಹೊಲ ಬೇಕಾದರೆ ಅವನನ್ನು ಬಿಡಿಸಬೇಕು. ಅವನು ಒಳಗಿರಬೇಕಾದರೆ ಹೊಲ ಬಿಡಬೇಕು. ಲೆಕ್ಕ ಸರಳ. ಸರಳವಾದದ್ದೇ...

ಅವ್ವನಿಗೆ ಅರ್ಧ ಹೇಳಿದೆ. ಅವಳಿಗೆ ಬೇಕಾದ ಅರ್ಧ.

೩ ಜುಲೈ, ಶನಿವಾರ

ಅವ್ವ ಬೆಳಿಗ್ಗೆಯೇ ಹೆಸರುಕಾಳು ಹಸನು ಮಾಡಲು ಕೂತಳು. ಬಿತ್ತನೆಗೆ. ತನ್ನ ಸೊಸೆಯಂದಿರನ್ನು ಕರೆದು ಶಿರೋಳದ ಹೊಲದ ಬದುವಿನ ಗುರುತು ಹೇಳುತ್ತಿದ್ದಳು ಓಣಿಯ ಕಲ್ಲವ್ವ — ಅವಳೂ ಅಲ್ಲೇ ಕೂಲಿಗೆ ಹೋದವಳು. “ಮುಂದಿನ ವಾರ ಬಿತ್ತೂದ,” ಅಂದಳು ಅವ್ವ.

ಮಧ್ಯಾಹ್ನ

ಹಾಳೆಯಲ್ಲಿ ಪ್ರಶ್ನೆ ಒಂದೇ. ಕೈದಿಗೆ ಬೇರೆ ಅಡ್ಡಹೆಸರು ಉಂಟೇ?

ಸುಭಾನಸಾಬ ಚೀಲದ ಬಾಯಿ ಹಿಡಿದು ನಿಂತಿದ್ದ. ಬರೆದೆ — ‘ಇಲ್ಲ’. ಸಹಿ ಮಾಡಿದೆ: ತೋಟಪ್ಪ ಉಳ್ಳಾಗಡ್ಡಿ. ಮಸಿ ಆರುವವರೆಗೆ ನೋಡಿದೆ.

ಟಪಾಲು ಹೋಯಿತು.

ಸಂಜೆ

ಅವ್ವ ಕಾಳಿನ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. “ಸಾಹೇಬ್ರು ಏನಂದ್ರೋ?” ಎಂದು ಎರಡು ಸಲ ಕೇಳಿದಳು. ಬರೆಯುತ್ತಿದ್ದೇನೆ ಅಂದೆ. ಇದನ್ನು ಮುಗಿಸಿ ಅವಳಿಗೆ ಉಳಿದ ಅರ್ಧ ಹೇಳಬೇಕು.