ನನ್ನ ಬಗ್ಗೆ ಐದು ನಿಮಿಷ

ಪೇರ್‌ಲ್ಯಾಂಡ್, ಟೆಕ್ಸಾಸ್
೧೩ ಅಕ್ಟೋಬರ್ ೨೦೨೫, ಸೋಮವಾರ

ಪ್ರೀತಿಯ ಸುಮಿತ್ರಾ,

ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ಆಪರೇಷನ್ ಆಗಿ ಎರಡು ತಿಂಗಳಾಯಿತು, ಇನ್ನೂ ಗೋಡೆ ಹಿಡಿದೇ ನಡೆಯುತ್ತೀಯಾ? ಡಾಕ್ಟರು ಹೇಳಿದ ವ್ಯಾಯಾಮ ನೀನು ಮಾಡುತ್ತೀಯೋ, ಕೃಷ್ಣವೇಣಿಗೆ ಮಾಡಲು ಹಚ್ಚುತ್ತೀಯೋ, ನನಗೆ ಅನುಮಾನವಿದೆ. ನಿನ್ನ ತಂಗಿ ಪಾಪದವಳು, ಅಕ್ಕ ಹೇಳಿದರೆ ಅದನ್ನೂ ಮಾಡಿಯಾಳು. ನಾನು ಆರಾಮಾಗಿದ್ದೇನೆ, ಬಿಪಿ ಹದದಲ್ಲಿದೆ. ಸಾನ್ವಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಮೊಮ್ಮಗಳನ್ನು ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಜಗಳವಿಲ್ಲದೆ ನಡೆದಿದೆ. ದಿನಾ ಫೋನು ಮಾಡುವವನು ಪತ್ರ ಯಾಕೆ ಬರೆದ ಎಂದು ಹೆದರಬೇಡ. ಇಲ್ಲಿ ಫೋನು ಸದಾ ಸ್ಪೀಕರಿನಲ್ಲಿ. ಮಗಳು, ಅಳಿಯ ಸಂಗಮೇಶ್, ಸಾನ್ವಿ ಮೂವರೂ ಕೇಳುತ್ತಾರೆ. ಗುರುವಾರ ಇಲ್ಲಿನ ತಿರುಮಲ ಅವರು ಹುಬ್ಬಳ್ಳಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ಸಂಗತಿ ಇಷ್ಟು. ಇಲ್ಲಿಯ ಕನ್ನಡದ ಹಿರಿಯರು ತಿಂಗಳ ಎರಡನೇ ಶನಿವಾರ ಸೇರುತ್ತಾರೆ. ಪ್ರತಿಸಲ ಒಬ್ಬರು ಎದ್ದು ನಿಂತು ಐದು ನಿಮಿಷ ತಮ್ಮ ಬಗ್ಗೆ ಹೇಳಬೇಕು. ನಾನು ಹೋದ ಮೊದಲ ದಿನವೇ ನಮ್ಮ ವೈಷ್ಣವಿ ಎಲ್ಲರೆದುರು, "ಇವ್ರು ನಮ್ಮ ಅಪ್ಪರೀ, ಸಾರಿಗೆ ಇಲಾಖೆಯೊಳಗ ದೊಡ್ಡ ಆಫೀಸರ್ ಇದ್ರು" ಎಂದುಬಿಟ್ಟಳು. ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ನಾನು ತಿರುಗಿ ನೋಡಿದೆ. ಮೂವತ್ನಾಲ್ಕು ವರ್ಷ ಹುಬ್ಬಳ್ಳಿ-ಗದಗ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರು ನಾನು. ಚೆಕಿಂಗಿನವರು ಹತ್ತಿದರೆ, ತಪ್ಪಿಲ್ಲದಿದ್ದರೂ ಎದೆ ಡವಡವ ಎನ್ನುತ್ತಿತ್ತು. ಆದರೆ ಮಗಳ ಮುಖ ನೋಡಿ ಸುಮ್ಮನಾದೆ. ಅವತ್ತು ಸುಮ್ಮನಾದದ್ದಕ್ಕೆ ಇವತ್ತಿನ ತನಕ ಅನುಭವಿಸುತ್ತಿದ್ದೇನೆ. ಮೈಸೂರಿನ ವೆಂಕಟಗಿರಿ ಎಂಬ ನಿವೃತ್ತ ಪ್ರೊಫೆಸರು ಇದ್ದಾರೆ, ಒಳ್ಳೆಯ ಮನುಷ್ಯ, ಆದರೆ ಕೆದಕುವ ಚಟ. "ನಿಮ್ಮ ಕೈಕೆಳಗೆ ಎಷ್ಟು ಜನ ಇದ್ರು ಸಾರ್?" ಎಂದು ಕೇಳಿದರು. ಐವತ್ತೆರಡು ಸೀಟು, ನಿಂತವರು ಬೇರೆ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮೊನ್ನೆ ಶನಿವಾರ ಸಭೆಯ ಬದಲು ಪ್ರವಾಸ ಇಟ್ಟಿದ್ದರು. ಬಾಡಿಗೆ ಬಸ್ಸು ಮಾಡಿಕೊಂಡು ಡಲ್ಲಾಸ್ ಹತ್ತಿರದ ಇರ್ವಿಂಗ್‌ನ ಗುಡಿಗೆ ಹೊರಟೆವು. ಇಲ್ಲಿಗೆ ಬಂದು ಐದು ತಿಂಗಳ ಮೇಲೆ ಬಸ್ಸು ಹತ್ತಿದೆ ಸುಮಿತ್ರಾ, ಎಷ್ಟು ಸುಖವಾಯಿತೆಂದರೆ ನೀನು ನಗುತ್ತೀ. ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ, ಬಾಗಿಲ ಹತ್ತಿರ ಹೋಗಿ ನಿಂತೆ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ ಮತ್ತೆ ಹೊರಡುವಾಗ ಕಣ್ಣು ತಾನಾಗಿಯೇ ತಲೆ ಎಣಿಸಿತು. ಒಂದು ಕಡಿಮೆ. ಡ್ರೈವರ್ ಆಗಲೇ ಗಾಡಿ ಬಿಟ್ಟಿದ್ದ. "ಹೋಲ್ಡಾನ್!" ಎಂದು ಕೂಗಿ ಬಾಗಿಲಿಗೆ ದಬದಬ ಬಡಿದೆ. ಆ ಅಮೆರಿಕದ ಡ್ರೈವರ್ ಬೆಚ್ಚಿಬಿದ್ದು ಬ್ರೇಕ್ ಹಾಕಿದ. ನಮ್ಮ ಗುಂಪಿನ ಶಕುಂತಲಾ ಅವರು ಅಂಗಡಿಯ ಬಚ್ಚಲಿನಿಂದ ಓಡಿ ಬರುತ್ತಿದ್ದರು. ಕೈಕೊಟ್ಟು ಹತ್ತಿಸಿಕೊಂಡು, ಬಾಗಿಲಿಗೆ ಎರಡು ಏಟು ಬಡಿದು, "ರೈಟ್, ರೈಟ್, ಹೋಗ್ಲಿ!" ಎಂದೆ. ಬಸ್ಸೆಲ್ಲ ನಕ್ಕಿತು. ವೆಂಕಟಗಿರಿ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಆಫೀಸರಿಗೆ ಬಸ್ ಬಡಿಯೋದು ಯಾರು ಕಲಿಸಿದ್ರು ಸಾರ್?" ಎಂದರು. ಆಗ ನಿಜ ಹೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ನಾನು, "ಇನ್ಸ್‌ಪೆಕ್ಷನ್ನಿಗೆ ಹೋದಾಗ ನೋಡಿದ್ದೆರೀ" ಎಂದೆ. ಮಗಳ ಸುಳ್ಳಿಗೆ ನಾನೇ ಟಿಕೆಟ್ ಕೊಟ್ಟಂತಾಯಿತು. ಇರ್ವಿಂಗ್‌ನಲ್ಲಿ ದೇವರೆದುರು ಕೈಮುಗಿದು ನಿಂತರೂ ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ.

ನವೆಂಬರ್ ಎಂಟಕ್ಕೆ ನನ್ನ ಸರದಿ. ವೈಷ್ಣವಿ ನನ್ನ ಬಗ್ಗೆ ಒಂದು ಪುಟ ಟೈಪ್ ಮಾಡಿ ಕೊಟ್ಟಿದ್ದಾಳೆ. ಅದರಲ್ಲಿ ಆಡಳಿತ, ಶಿಸ್ತು, ಸೇವೆ ಎಲ್ಲ ಇದೆ, ನಾನೊಬ್ಬ ಇಲ್ಲ. ಕನ್ನಡಿ ಮುಂದೆ ನಿಂತು ಮೂರು ಸಲ ಓದಿದೆ. ಯಾರೋ ತೀರಿಹೋದವರ ಬಗ್ಗೆ ಓದಿದಂತೆ ಅನಿಸಿತು. ಅದನ್ನು ಬದಿಗಿಟ್ಟು ನಾನೇ ಬರೆಯಲು ಕುಳಿತರೆ, "ನಾನು ದಾನಪ್ಪ" ಎಂಬಲ್ಲಿಗೆ ಪೆನ್ನು ನಿಲ್ಲುತ್ತದೆ. ಊರಲ್ಲಿ ಯಾರಿಗೂ ನನ್ನ ಬಗ್ಗೆ ಹೇಳಬೇಕಾಗಿರಲಿಲ್ಲ, ಖಾಕಿ ಅಂಗಿಯೇ ಹೇಳುತ್ತಿತ್ತು. ಇಲ್ಲಿ ಕಾರಿಲ್ಲದೆ ಹಾಲು ತರಲೂ ಆಗುವುದಿಲ್ಲ. ಬೆಳಗ್ಗೆ ಎಲ್ಲರೂ ಹೋದ ಮೇಲೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಟ್ರಿಪ್ ಹೊಡೆಯುತ್ತೇನೆ. ಆ ಕಾಗದ ಓದಿದರೆ ನಾನು ಸುಳ್ಳ, ಓದದಿದ್ದರೆ ಅಷ್ಟು ಜನರೆದುರು ಮಗಳು ಸುಳ್ಳಿ. ಅತ್ತ ದರಿ, ಇತ್ತ ಪುಲಿ. ಅವಳು ನಿನ್ನ ಮಾತು ಕೇಳುತ್ತಾಳೆ. ಅಪ್ಪನ ಕೆಲಸದಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ ಎಂದು ನೀನೇ ಸಮಾಧಾನದಿಂದ ಬುದ್ಧಿ ಹೇಳು.

ಕೃಷ್ಣವೇಣಿಗೆ ನನ್ನ ಆಶೀರ್ವಾದ. ಮೆಟ್ಟಿಲು ಹತ್ತುವ ಸಾಹಸ ಬೇಡ. ಮಾತ್ರೆ ತಪ್ಪಿಸಬೇಡ.

ನಿನ್ನ,
ದಾನಪ್ಪ

ತಾ.ಕ.: ಲಕೋಟೆ ಅಂಟಿಸುವುದರೊಳಗೆ ವೈಷ್ಣವಿ ಚಹಾ ತಂದಳು. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಯಾಕವ್ವಾ ಹಾಗೆ ಹೇಳಿದೆ ಎಂದು. ಅವಳು ಅತ್ತುಬಿಟ್ಟಳು. "ಮೊದಲ ಹೇಳಿದಾಕಿ ನಾ ಅಲ್ಲಪ್ಪಾ. ಸಾನ್ವಿ ಹುಟ್ಟಿದಾಗ ಬಾಣಂತನಕ್ಕ ಅವ್ವ ಬಂದಿದ್ಲಲ್ಲ, ಗುಡಿಯೊಳಗ ಅಕೀನ ಎಲ್ಲಾರಿಗೂ ಹಂಗ ಹೇಳಿದ್ಲು. ಅವ್ವನ ಮಾತು ನಾ ಹೆಂಗ ಸುಳ್ಳು ಮಾಡ್ಲಿ?" ಎಂದಳು. ಮಗಳಿಗೆ ಬುದ್ಧಿ ಹೇಳು ಎಂದು ಮೇಲೆ ಬರೆದದ್ದನ್ನು ಬಿಟ್ಟುಬಿಡು. ಮೂವತ್ನಾಲ್ಕು ವರ್ಷ ಆ ಖಾಕಿ ಅಂಗಿ ಒಗೆದು, ಇಸ್ತ್ರಿ ಹಾಕಿ, ಗುಂಡಿ ಹಚ್ಚಿ ಕೊಟ್ಟವಳು ನೀನು. ನಿನಗೆ ಅದರ ಬಗ್ಗೆ ನಾಚಿಕೆ ಇತ್ತೇನು? ಸಿಟ್ಟಿನಿಂದ ಕೇಳುತ್ತಿಲ್ಲ. ಇದು ಗೊತ್ತಾಗದೆ ಆ ಶನಿವಾರ ನಾನು ಎದ್ದು ನಿಲ್ಲಲಾರೆ. ತಿರುಮಲ ಅವರು ಎರಡು ವಾರಕ್ಕೆ ಮರಳುತ್ತಾರೆ. ಫೋನಿನಲ್ಲಿ ಹೇಳಬೇಡ, ಬರೆದು ಅವರ ಕೈಯಲ್ಲಿ ಕಳಿಸು.