ಎಡಗಡೆಯಿಂದ ಬಂದ ಆನೆಗಳು

ಬಸವನಗುಡಿ, ಬೆಂಗಳೂರು
ಭಾನುವಾರ, ೧೨ ಆಗಸ್ಟ್ ೨೦೦೧

ಪ್ರೀತಿಯ ಅಕ್ಷಯಾ,

ಧಾರವಾಡದ ಹಾಸ್ಟೆಲಿನಲ್ಲಿ ವಿರಾಜಮಾನಳಾಗಿರುವ ಮಹಾರಾಣಿಗೆ ಪದಚ್ಯುತ ರಾಜಮಾತೆಯ ಆಶೀರ್ವಾದಗಳು. ಹೇಗಿದ್ದೀಯೆ ಮಗು? ಕೆಮ್ಮು ಹೋಯಿತೇ? ಅಲ್ಲಿಯ ಜಿಟಿಜಿಟಿ ಮಳೆಗೆ ಒದ್ದೆ ತಲೆಯಲ್ಲೇ ಕ್ಲಾಸಿಗೆ ಓಡಬೇಡ. ಹೋದ ಕಾಗದದಲ್ಲಿ ನೀನು "ರೊಟ್ಟಿ ಗಟ್ಟಿ, ತಿಂದವಳು ಇನ್ನೂ ಗಟ್ಟಿ" ಎಂದು ಬರೆದದ್ದನ್ನು ನಿಮ್ಮ ತಾತನಿಗೆ ಓದಿ ಹೇಳಿದೆ. "ಮೊಮ್ಮಗಳಿಗೂ ನಿನ್ನ ಕಾಯಿಲೆ ಅಂಟಿತು" ಎಂದರು. ನಮ್ಮ ಕಂಪ್ಯೂಟರ್ ಆಟದಲ್ಲಿ ಹೊಲ ಹಾಕುವುದನ್ನೇ ಮರೆತು ಪ್ರಜೆಗಳನ್ನು ಉಪವಾಸ ಕೆಡವುತ್ತಿದ್ದವಳು ಕೃಷಿ ಕಾಲೇಜು ಸೇರಿದ್ದೀಯಲ್ಲ, ಈ ದೇಶದ ರೈತರನ್ನು ದೇವರೇ ಕಾಪಾಡಬೇಕು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆ ಒಂದು ವಾಕ್ಯವನ್ನು ಈ ಸಲ ತಡೆಹಿಡಿದಿದ್ದೇನೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನೀನು ಹೋದ ಮೇಲೆ ಕಂಪ್ಯೂಟರಿಗೆ ನಿಮ್ಮಮ್ಮ ಕಸೂತಿ ಬಟ್ಟೆ ಹೊದಿಸಿ ಮದುಮಗಳಂತೆ ಮೂಲೆಯಲ್ಲಿ ಕೂರಿಸಿದ್ದಾಳೆ. ಆ ಮುಸುಕು ಸರಿಸುವವಳು ನಾನೊಬ್ಬಳೇ. ಮೆಜೆಸ್ಟಿಕ್ಕಿನಿಂದ ನೀನು ತಂದ ಆ ಪ್ರಾಚೀನ ಸಾಮ್ರಾಜ್ಯಗಳ ಆಟದ ಸೀಡಿ ಹಾಕಿದ ಮೊದಲ ದಿನ ನೆನಪಿದೆಯೇ? ಸೊಂಟಕ್ಕೆ ಸರಿಯಾಗಿ ಬಟ್ಟೆಯಿಲ್ಲದ ಮೂವರು ಬಡಪಾಯಿಗಳಿಂದ ಶುರುಮಾಡಿ, ಹಣ್ಣು ಕೀಳಿಸಿ, ಮರ ಕಡಿಸಿ, ಊರು ಕಟ್ಟಿಸಿ, ಎಲ್ಲ ಚೆನ್ನಾಗಿ ಆಯಿತು ಎನ್ನುವಾಗ ಪಕ್ಕದವರ ಊರು ಸುಟ್ಟು ಬರುವುದು. ಇದಕ್ಕೆ ನಾಗರಿಕತೆ ಎಂದು ಹೆಸರಿಟ್ಟಿದ್ದಾರಲ್ಲ ಎಂದು ನಾನು ನಕ್ಕಿದ್ದೆ. ನಮ್ಮ ರಾಜ್ಯ ಬ್ಯಾಬಿಲೋನು. ಬ್ಯಾಂಕಿನಿಂದ ರಿಟೈರಾದ ನಿಮ್ಮ ತಾತನಿಗೆ ಆ ಹೆಸರಿನಲ್ಲಿ ಅರ್ಥವಾದದ್ದು ಕೊನೆಯ "ಲೋನು" ಮಾತ್ರ. ನನಗಂತೂ ಆ ಗಡ್ಡದ ಪುರೋಹಿತರ ಮೇಲೆ ಪ್ರಾಣ. ದೂರದಲ್ಲಿ ನಿಂತು ಮಂತ್ರ ಮಣಮಣಿಸಿದರೆ ಶತ್ರುವಿನ ಸೈನಿಕ ಬಣ್ಣ ಬದಲಾಯಿಸಿ ನಮ್ಮವನಾಗಿಬಿಡುತ್ತಿದ್ದ. ವಿಧಾನಸೌಧದಲ್ಲಿ ಇದೇ ಕೆಲಸಕ್ಕೆ ಎಷ್ಟು ಖರ್ಚು!

ಬೆತ್ತದ ಕುರ್ಚಿ ನನ್ನದು, ಮೌಸು ನಿನ್ನದು. ಅಪ್ಪಣೆ ನನ್ನದು, ಕ್ಲಿಕ್ಕು ನಿನ್ನದು. ರಾಹುಕಾಲದಲ್ಲಿ ಯುದ್ಧವಿಲ್ಲ. ಗುಡಿ ಈಶಾನ್ಯದಲ್ಲೇ ಆಗಬೇಕು, ಬೆಂಕಿ ಕಾರುವ ಯಂತ್ರಗಳು ಆಗ್ನೇಯದಲ್ಲಿ. "ಅಜ್ಜಿ, ಎಡಗಡೆ ಒಂದು ಗೋಡೆ ಹಾಕ್ಲಾ?" ಎಂದು ನೀನೊಮ್ಮೆ ಕೇಳಿದ್ದೆ. "ವಾಸ್ತು ಸರಿಯಾಗಿದ್ಮೇಲೆ ಗೋಡೆ ಯಾಕೇ, ಕಲ್ಲು ದಂಡ" ಎಂದಿದ್ದೆ. ಯುಗಾದಿಯ ನಂತರ ನೀನು ಧಾರವಾಡದ ರೈಲು ಹತ್ತುವವರೆಗೂ ಎಡಗಡೆಯಿಂದ ಒಂದು ನರಪಿಳ್ಳೆಯೂ ನಮ್ಮ ಮೇಲೆ ಬರಲಿಲ್ಲ. ನಾವು ಸೋಲಲೇ ಇಲ್ಲ. ಇದು ವಾಸ್ತುವಿನ ಮಹಿಮೆ ಎಂದು ನಾನು ಮಹಿಳಾ ಸಮಾಜದಲ್ಲಿ ಭಾಷಣವನ್ನೇ ಬಿಗಿದೆ. ಪಕ್ಕದ ಮನೆಯ ಆಂಡಾಳ್ ಅದನ್ನು ಕೇಳಿ ತನ್ನ ಅಡುಗೆಮನೆಯ ಒಲೆಯ ದಿಕ್ಕು ಬದಲಾಯಿಸಿದಳು. ಪಾಪ, ಈಗ ಒಗ್ಗರಣೆಯ ಹೊಗೆಯೆಲ್ಲ ದೇವರ ಮನೆಗೆ ನುಗ್ಗುತ್ತಿದೆ.

ಈಗ ಸುದ್ದಿಗೆ ಬರುತ್ತೇನೆ. ತಾತನ ವಾಕಿಂಗ್ ಗೆಳೆಯರು ಚಾಮರಾಜಪೇಟೆಯ ನಂಜುಂಡಯ್ಯನವರು ನಿನಗೆ ಗೊತ್ತಲ್ಲ, ಅಕ್ಕಿಪೇಟೆಯ ಮಂಡಿಯನ್ನು ಮಗನಿಗೆ ವಹಿಸಿ ಮನೆಯಲ್ಲಿ ಕೂತವರು. ಅವರೂ ಈ ಆಟದ ಹುಚ್ಚರು. ನನ್ನ ದಿಗ್ವಿಜಯಗಳನ್ನು ಕೇಳಿ ಕೇಳಿ ಸಾಕಾಗಿ, "ಸುಂದರಮ್ಮನೋರೇ, ಬಾಯಲ್ಲಿ ಸಾಮ್ರಾಜ್ಯ ಕಟ್ಟೋದು ಸಲೀಸು. ನಮ್ಮನೇಗೆ ಬನ್ನಿ, ನಮ್ಮ ಕಂಪ್ಯೂಟರ್ ಮುಂದೆ ಕೂತ್ಕೊಳಿ, ನೋಡೇಬಿಡೋಣ" ಎಂದು ಸವಾಲು ಹಾಕಿದರು. ನಾನು ಬಿಡುವವಳೇ? ಮೌಸು ಹಿಡಿಯುವುದನ್ನು ಕಲಿತಿದ್ದೆ, ಮನೆಯಲ್ಲಿ ಒಬ್ಬಳೇ ಆಡಿ ಗೆದ್ದೂ ಇದ್ದೆ. ಕಳೆದ ಸೋಮವಾರ ತಾತನನ್ನು ಸಾಕ್ಷಿಗೆ ಕರೆದುಕೊಂಡು ರೇಷ್ಮೆ ಸೀರೆ ಉಟ್ಟು ದಂಡಯಾತ್ರೆಗೆ ಹೊರಟೆ. ಅವರ ಹೆಂಡತಿ ಶೈಲಜಮ್ಮ ಕೋಡುಬಳೆ, ಕಾಫಿ ಇಟ್ಟರು. ನಾನು ಬ್ಯಾಬಿಲೋನು ಹಿಡಿದೆ, ಎದುರಿಗೆ ಪರ್ಷಿಯನ್ನರು. ಈಶಾನ್ಯದಲ್ಲಿ ಗುಡಿಗೆ ಅಡಿಪಾಯ ಹಾಕಿ, ಕೋಡುಬಳೆ ಮುರಿದು ಬಾಯಿಗಿಟ್ಟಿದ್ದೇನೆ, ನಂಜುಂಡಯ್ಯನವರು ಕೂಗಿಕೊಂಡರು: "ಎಡಗಡೆ ನೋಡಿ, ಎಡಗಡೆ!" "ಎಡಗಡೆ ಏನಿದೆ?" ಎಂದೆ. "ಏನಿದೆಯಾ? ಆನೆ ಕಣ್ರಮ್ಮ! ಆನೆ ಹಿಂಡು! ಆನೆ ಕಾಣ್ಸಲ್ವಾ ನಿಮಗೆ?" ಕತ್ತು ಹೊರಳಿಸಿ ನೋಡಿದೆ. ಕಡಲೆಕಾಯಿ ಪರಿಷೆಗೆ ಬಂದವರಂತೆ ಪರ್ಷಿಯನ್ನರು ನೆರೆದಿದ್ದರು. ನನ್ನ ಅರ್ಧ ಊರು ಹೊತ್ತಿ ಉರಿಯುತ್ತಿತ್ತು. ಅದು ಪರದೆಯ ಮೇಲೆಯೇ ಇತ್ತು ಅಕ್ಷಯಾ, ನನ್ನ ಕಣ್ಣೆದುರಿಗೇ. ನನಗೆ ಕಂಡಿರಲಿಲ್ಲ.

ನಂಜುಂಡಯ್ಯನವರು ಮೊದಲು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ತಾತನ ಮುಖ ನೋಡಿದರು. ನಗು ನಿಂತಿತು. "ಕಿಟಕಿ ಬೆಳಕು ಪರದೆ ಮೇಲೆ ಬೀಳ್ತಿತ್ತು, ಅದಕ್ಕೇ ಕಂಡಿಲ್ಲ ಬಿಡಿ. ಇನ್ನೊಂದ್ಸಲ ಆಡೋಣಂತೆ" ಎಂದು ಕಾಫಿ ಲೋಟವನ್ನು ನನ್ನ ಬಲಗೈಯ ಹತ್ತಿರಕ್ಕೆ ಸರಿಸಿದರು. ಜಗಳಗಂಟ ಗಂಡಸು ಇದ್ದಕ್ಕಿದ್ದಂತೆ ಸಾಧುವಾದರೆ ಎದೆ ಝಲ್ಲೆನ್ನುತ್ತದೆ ಕಣೇ. ಆಟೋದಲ್ಲಿ ಬರುವಾಗ ತಾತ ದಾರಿಯುದ್ದಕ್ಕೂ ಕಾರ್ಪೊರೇಷನ್ನಿನವರನ್ನು ಬೈದರು. ಗುಂಡಿಗಳ ಬಗ್ಗೆ ಅವರಿಗೆ ಅಷ್ಟು ಆಸಕ್ತಿ ಇರುವುದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದವಳೇ ಸೀರೆಯನ್ನೂ ಬದಲಾಯಿಸದೆ ಮುಸುಕು ಸರಿಸಿ ಆಟ ಹಚ್ಚಿದೆ. ಶುರುಮಾಡುವ ಮುಂಚೆ ಎಷ್ಟು ಕಠಿಣವಾಗಿರಬೇಕು ಎಂದು ಆರಿಸುವ ಜಾಗ ಒಂದಿದೆಯಲ್ಲ, ನೀನೇ ಯಾವಾಗಲೂ ಸರಸರನೆ ದಾಟಿಸಿಬಿಡುತ್ತಿದ್ದದ್ದು? ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ನಾನು. ಆದರೂ ಆ ಪದವನ್ನು ಎರಡೆರಡು ಸಲ ಓದಿಕೊಂಡೆ. ಎಲ್ಲಕ್ಕಿಂತ ಸುಲಭ. ಅದರ ಕೆಳಗೆ ಇನ್ನೊಂದು ಮೆಟ್ಟಿಲಿಲ್ಲ. ಎಳೆಮಕ್ಕಳಿಗೆ ಅನ್ನಪ್ರಾಶನ ಮಾಡಿಸುವ ಮಟ್ಟ ಅದು. ಆಡುವಾಗ ಆಗಾಗ ನಿನ್ನ ಕೈ ಎಡಕ್ಕೆ ಓಡುತ್ತಿದ್ದದ್ದೂ, "ಏನೇ ಅದು?" ಎಂದರೆ "ಮರ ಕಡಿಸ್ತಿದೀನಿ ಅಜ್ಜಿ" ಎನ್ನುತ್ತಿದ್ದದ್ದೂ ಆಗ ನೆನಪಾಯಿತು. ನೀನು ಕಡಿಸಿದ್ದು ಮರವಲ್ಲ.

ಯುಗಾದಿಗೆ ಮುಂಚೆ ನಾವು ಧಾರಾಳವಾಗಿ ಸೋಲುತ್ತಿದ್ದೆವು. ಫಿನೀಷಿಯನ್ನರು ನಮ್ಮನ್ನು ಎಷ್ಟು ಸಲ ಫಿನಿಶ್ ಮಾಡಲಿಲ್ಲ! ಯುಗಾದಿಯ ಮರುವಾರ ಏನಾಯಿತು? ನೀನೂ ನಿಮ್ಮಪ್ಪನೂ ನನ್ನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಿರಿ. ಕಣ್ಣಿಗೆ ಔಷಧಿ ಬಿಟ್ಟು, ಮುಚ್ಚಿಕೊಂಡಿರಿ ಎಂದು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರ ಕೋಣೆಯೊಳಗೆ ಹೋದವರು ನೀವಿಬ್ಬರು. ಹೊರಗೆ ಬಂದವಳೇ ನೀನು ನನ್ನ ಕೈ ಹಿಡಿದು, "ಫಸ್ಟ್ ಕ್ಲಾಸ್ ಕಣ್ಣಂತೆ ಅಜ್ಜಿ. ಸ್ವಲ್ಪ ಒಣಗಿದೆ, ಡ್ರಾಪ್ಸ್ ಹಾಕ್ಕೋಬೇಕಂತೆ ಅಷ್ಟೆ" ಎಂದೆ. ಕಣ್ಣು ಮುಚ್ಚಿದ್ದೆನಲ್ಲ, ನಿನ್ನ ಮುಖ ನೋಡಲಿಲ್ಲ. ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಮಂಗಳವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ನೇರವಾಗಿ ಕೇಳಿದೆ: "ಏನ್ರೀ, ನನ್ನ ಕಣ್ಣಿಗೆ ಡಾಕ್ಟರು ಏನಂದ್ರು?" ನಿಮ್ಮ ತಾತ ಓದಿ ಮುಗಿಸಿದ್ದ ಪೇಪರನ್ನು ಮತ್ತೆ ಬಿಡಿಸಿಕೊಂಡರು. ನಿಮ್ಮಪ್ಪ "ಅಮ್ಮಾ, ನೀನು ಸುಮ್ನೆ ಟೆನ್ಷನ್ ಮಾಡ್ಕೋಬೇಡ" ಎಂದು, ಬಸ್ಸಿಗೆ ಇನ್ನೂ ಹೊತ್ತಿದ್ದರೂ ಚಪ್ಪಲಿ ಮೆಟ್ಟಿದ. ನಿಮ್ಮಮ್ಮ "ಹಾಲು ಉಕ್ತಿದೆ" ಎಂದು ಒಳಗೆ ಓಡಿದಳು. ಒಲೆಯ ಮೇಲೆ ಹಾಲಿರಲಿಲ್ಲ. ಇಡೀ ಮೈತ್ರಿಕೂಟವೇ ನನ್ನ ವಿರುದ್ಧ ಎಂದು ಆಗ ತಿಳಿಯಿತು.

ಅವರನ್ನೆಲ್ಲ ಬಿಟ್ಟುಬಿಡುತ್ತೇನೆ ಕಣೇ. ನಿಮ್ಮಪ್ಪ ಅವನಪ್ಪನ ಮಗ. ಕೆಟ್ಟ ಸುದ್ದಿಯನ್ನು ಸಕ್ಕರೆ ಡಬ್ಬಿಯಲ್ಲಿ ಬಚ್ಚಿಡುವ ವಂಶ ಅದು. ಆದರೆ ನೀನು ನನ್ನ ಪಕ್ಷದವಳಾಗಿದ್ದೆ. ದೆಹಲಿಯಲ್ಲಿ ಸರ್ಕಾರ ಉರುಳಿಸಿದವರೂ ಬೆಂಬಲ ವಾಪಸು ಎಂದು ರಾಷ್ಟ್ರಪತಿಗೆ ಒಂದು ಕಾಗದ ಕೊಟ್ಟೇ ಉರುಳಿಸಿದರು. ನೀನು ಅಷ್ಟೂ ಮಾಡಲಿಲ್ಲ. ನನ್ನ ಪಕ್ಕದಲ್ಲೇ ಕೂತು, ನನ್ನ ಅಪ್ಪಣೆಗೆ "ಹೂಂ ಅಜ್ಜಿ" ಎನ್ನುತ್ತಲೇ ಬಣ್ಣ ಬದಲಾಯಿಸಿದೆ. ಸಂಗೀತದಲ್ಲಿ ನಾನು ಯಾವತ್ತೂ ಹಿಂದಿನ ಸಾಲು, ರಂಗೋಲಿಯಲ್ಲಿ ಸಮಾಧಾನಕರ ಬಹುಮಾನ. ಈ ವಯಸ್ಸಿನಲ್ಲಿ ಒಂದು ವಿದ್ಯೆ ಕೈಹತ್ತಿತಲ್ಲ ಎಂದು ಎಷ್ಟು ಸಂಭ್ರಮಪಟ್ಟಿದ್ದೆ! ಅದನ್ನು ನೀನು ಎದುರಿಗೆ ಕೂತು ನೋಡಿದ್ದೀಯೆ, ನೋಡಿ ನಕ್ಕಿದ್ದೀಯೆ, ನನ್ನ ಜೊತೆ ಚಪ್ಪಾಳೆ ತಟ್ಟಿದ್ದೀಯೆ.

ಮುದುಕಿಗೆ ನೋವಾಗದಿರಲಿ ಎಂದು ಮಾಡಿದೆ ಎನ್ನುತ್ತೀಯೆ, ಗೊತ್ತು. ಆದರೆ ಯೋಚಿಸು. ಎಡಗಡೆ ಕಾಣುವುದಿಲ್ಲ ಎಂದು ನೀನು ಒಂದು ಮಾತು ಹೇಳಿದ್ದರೆ ನಾನು ಎಡಗಡೆಗೇ ಮೊದಲು ಗೋಡೆ ಕಟ್ಟಿಸುತ್ತಿದ್ದೆನಲ್ಲೇ! ಹೋದ ತಿಂಗಳು ಗಾಂಧಿಬಜಾರಿನಲ್ಲಿ ಒಬ್ಬ ಹುಡುಗ ಸ್ಕೂಟರಿನಲ್ಲಿ ನನ್ನ ಎಡತೋಳು ಸವರಿಕೊಂಡೇ ಹೋದ. ಕೊತ್ತಂಬರಿ ಸೊಪ್ಪೆಲ್ಲ ರಸ್ತೆಪಾಲು. ಅವನನ್ನು ನಿಲ್ಲಿಸಿ ವಂಶವನ್ನೆಲ್ಲ ಜಾಲಾಡಿದೆ. "ಅಜ್ಜಿ, ಹಾರ್ನ್ ಹೊಡ್ಕೊಂಡೇ ಬಂದೆ, ನೀವೇ ಅಡ್ಡ ಬಂದ್ರಿ" ಎಂದು ಅಳುಮುಖ ಮಾಡಿದ. ಹೂವಿನ ಆಂಜಿನಯ್ಯನೂ "ಹೌದಮ್ಮಾ, ಎದುರಿಗೇ ಬರ್ತಿದ್ದ" ಎಂದ. ಆಗ ಅವರಿಬ್ಬರೂ ಸುಳ್ಳರು ಎಂದುಕೊಂಡು ಮನೆಗೆ ಬಂದೆ. ಸುಳ್ಳರು ನಮ್ಮ ಮನೆಯೊಳಗಿದ್ದರು.

ಮೈ ಹುಷಾರು. ಮೊಸರು ತಿನ್ನು, ಮೆಸ್ಸಿನವರ ಹತ್ತಿರ ನಾಚಿಕೊಳ್ಳಬೇಡ. ತಾತ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ನಾನು ಅವರ ಜೊತೆ ಮಾತು ಬಿಟ್ಟಿರುವುದರಿಂದ ಅದನ್ನು ನಿಮ್ಮಮ್ಮನ ಮೂಲಕ ಕಳಿಸಿದರು. ನನ್ನ ಆಶೀರ್ವಾದ ನಿನಗೆ ಎಂದಿಗೂ ಇದೆ. ಕೋಪವೂ ಇದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕುತ್ತಿದ್ದೇನೆ, ಅಂಚೆಯವರು ಹೆಚ್ಚಿನ ತೂಕಕ್ಕೆ ಕಾಸು ಕೇಳದಿದ್ದರೆ ಸಾಕು.

ಇಂತಿ ನಿನ್ನ ಅಜ್ಜಿ,
ಸುಂದರಮ್ಮ

ತಾ.ಕ.: ಆಂಡಾಳ್ ಮಗಳು ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಡ್ರಾಪ್ಸು ತುಂಬ ಉರಿಯುತ್ತಿತ್ತು. ಒಣಗಿದ ಕಣ್ಣಿಗೆ ತಾನೆ, ಬಿಟ್ಟರೇನು ಎಂದು ನೀನು ಹೋದ ಮೇಲೆ ನಾನು ಅದನ್ನು ಮುಟ್ಟಿಯೇ ಇಲ್ಲ. ಬಾಟಲಿ ತುಂಬಿಯೇ ಇತ್ತು. ಮಂಗಳವಾರದಿಂದ ಮತ್ತೆ ಹಾಕಿಕೊಳ್ಳುತ್ತಿದ್ದೇನೆ. ಇಷ್ಟು ದಿನ ಬಿಟ್ಟದ್ದಕ್ಕೆ ದೃಷ್ಟಿ ಇನ್ನೆಷ್ಟು ಹೋಯಿತೋ ಗೊತ್ತಿಲ್ಲ. ನಾಳೆ ಬಿಟ್ಟು ಮುಂದಿನ ಸೋಮವಾರಕ್ಕೆ ಡಾಕ್ಟರ ಹತ್ತಿರ ನಾನೇ ಫೋನು ಮಾಡಿ ಸಮಯ ಕೇಳಿದ್ದೇನೆ. ಈ ಸಲ ಒಳಗೆ ಹೋಗುವವಳು ನಾನು, ಬೆಂಚಿನ ಮೇಲೆ ಕೂರುವವನು ನಿಮ್ಮಪ್ಪ. ಅಷ್ಟರೊಳಗೆ, ಅವತ್ತು ಆ ಕೋಣೆಯಲ್ಲಿ ಕೇಳಿದ್ದನ್ನೆಲ್ಲ ಒಂದೂ ಬಿಡದೆ ನನಗೆ ಬರೆ. ಡಾಕ್ಟರಿಗಿಂತ ಮುಂಚೆ ನಿನ್ನಿಂದ ಕೇಳಬೇಕು. ಫೋನು ಬೇಡ. ಅಕ್ಷರ ದಪ್ಪಗಿರಲಿ, ಸಾಲು ಬಿಟ್ಟು ಸಾಲು ಬರೆ. ಇದನ್ನೊಂಚೂರು ಓದಿ ಹೇಳಿ ಎಂದು ಈ ಮನೆಯಲ್ಲಿ ಇನ್ನು ಯಾರನ್ನೂ ಕೇಳಲಾರೆ.